ನೀಲಗಂಗಾ ಹುಡುಕಿದ ಆಟ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಮಿರ್ಚಿ ಕರಿಯುವ ಗಾಡಿಗಳ ಹಿಂದೆ, ನೀಲಗಂಗಾಳ ಅಂಗಡಿ ಇತ್ತು. ಅಂಗಡಿ ಎಂದರೆ ಹೆಸರಿಗೆ ಅಂಗಡಿ, ಒಳಗೆ ಮಾರುವ ಸಾಮಾನು ಒಂದೂ ಇರಲಿಲ್ಲ. ಒಂದು ಮೇಜು, ಎರಡು ಕುರ್ಚಿ, ಗೋಡೆಯ ಅರ್ಧ ಆವರಿಸಿದ ಪರದೆ, ಮೊಳೆಗೆ ನೇತುಬಿಟ್ಟ ಒಂದು ಹಣೆಪಟ್ಟಿ. ಬಾಗಿಲ ಮೇಲಿನ ಹಲಗೆಯಲ್ಲಿ ‘ಇಲ್ಲಿ ಆಟ ಹುಡುಕಿ ಕೊಡಲಾಗುವುದು’ ಎಂದು ಬರೆದಿತ್ತು. ಹೊಸಬರು ಅದನ್ನು ಓದಿ ನಗುತ್ತಿದ್ದರು, ತಿಂಗಳು ಕಳೆದ ಮೇಲೆ ಅವರೇ ಬಂದು ಸರದಿಯಲ್ಲಿ ಕೂರುತ್ತಿದ್ದರು.

ಯಂತ್ರಗಳು ತಾವೇ ವಿಡಿಯೋ ಆಟ ಕಟ್ಟುವುದನ್ನು ಕಲಿತ ಮೇಲೆ ದಿನ ಬೆಳಗಾದರೆ ಲಕ್ಷಗಟ್ಟಲೆ ಆಟ ಹುಟ್ಟತೊಡಗಿದ್ದವು. ಮೊದಮೊದಲು ಜನ ಹಿಗ್ಗಿದರು. ಆಮೇಲೆ ಬೇಸತ್ತರು. ಎಲ್ಲವೂ ನೋಡಲು ಚೆಂದ, ಆಡಲು ಸಪ್ಪೆ, ಮದುವೆಮನೆಯ ಎರಡನೇ ಪಂಕ್ತಿಯ ಸಾರಿನ ಹಾಗೆ. ಅಷ್ಟರೊಳಗೆ ತನಗೆ ಒಗ್ಗುವ ಒಂದೇ ಒಂದನ್ನು ಹುಡುಕುವುದು ಯಾರಿಂದಲೂ ಆಗದ ಮಾತಾಗಿ, ಹುಡುಕಿ ಕೊಡುವುದೇ ಒಂದು ಕಸುಬಾಯಿತು. ನೀಲಗಂಗಾ ಆ ಕಸುಬಿನಲ್ಲಿ ಪಳಗಿದವಳು. ‘ನಿಮಗ ಎಂಥಾ ಆಟ ಸೇರತೈತಿ’ ಎಂದು ಆಕೆ ಯಾರನ್ನೂ ಕೇಳುತ್ತಿರಲಿಲ್ಲ. ‘ಸಣ್ಣವರಿದ್ದಾಗ ಎಲ್ಲಿ ಅಡಗತಿದ್ರಿ’ ಎಂದು ಕೇಳುತ್ತಿದ್ದಳು.

ಹುಡುಕಿದ ಆಟವನ್ನು ಮೊದಲು ತಾನೇ ಆಡಿ ನೋಡುವುದು ಆಕೆಯ ಪದ್ಧತಿ. ಹಣೆಪಟ್ಟಿ ಕಟ್ಟಿಕೊಂಡರೆ ಅದು ಆಡುವವರ ನಾಡಿ, ಉಸಿರು, ಮೆದುಳಿನೊಳಗೆ ಭಯ ಮೂಡಿ ಇಳಿಯುವ ಬಗೆ, ಎಲ್ಲವನ್ನೂ ಗೆರೆಗಳಾಗಿ ಎಳೆದು ತೋರಿಸುತ್ತದೆ. ಬೇರೆ ಹುಡುಕುಗಾರರು ದಿನವಿಡೀ ಬೆದರಿ ಸುಸ್ತಾಗಬಾರದೆಂದು ಪಟ್ಟಿಯನ್ನು ಮಂದಕ್ಕೆ ಇಟ್ಟುಕೊಳ್ಳುತ್ತಿದ್ದರು. ನೀಲಗಂಗಾ ಪೂರಾ ತೆರೆದೇ ಇಡುತ್ತಿದ್ದಳು. ರುಚಿ ನೋಡುವವಳು ನಾಲಿಗೆಗೆ ಅರಿವೆ ಸುತ್ತಿಕೊಂಡರೆ ಹೇಗೆ ಎಂಬುದು ಆಕೆಯ ವಾದ. ಮನೆಗೆ ಹೋದ ಮೇಲೂ ಎಷ್ಟೋ ಸಲ ಪಟ್ಟಿ ಹಣೆಯ ಮೇಲೇ ಉಳಿದಿರುತ್ತಿತ್ತು, ಕನ್ನಡಕ ಮರೆತವರ ಹಾಗೆ.

ಒಂದು ದಿನ ದಾವಲಸಾಬ ಬಂದ. ಬಸ್ಸು ಓಡಿಸಿ ನಿವೃತ್ತನಾದ ಆಸಾಮಿ, ಬಿಳಿ ಗಡ್ಡ, ಮಾತಿಗೆ ಕೂತರೆ ಏಳುವವನಲ್ಲ.

“ಅಕ್ಕಾರ, ನನಗ ಬಂದೂಕಿನ ಆಟ ಬೇಕ್ರಿ. ಆದ್ರ ಡಬಡಬ ಹೊಡಿಯೋದು ಬ್ಯಾಡ. ಒಂದು ಕತಿ ಇರಬೇಕು. ಅದರಾಗಿನ ಮನಿಶ್ಯಾ ನಾ ಮಾಡಿದಂಗ ಬೆಳೀಬೇಕು, ನಾ ಮಾಡಿದಂಗ ಕೆಡಬೇಕು. ಕತ್ತಲದಾಗ ಗ್ವಾಡಿ ಹಿಡಕೊಂಡು ಹೊಂಟ್ರ ಎದಿ ಢವಢವ ಅನಬೇಕು. ಒಂದೂ ಗುಂಡು ಹಾರಿಸಲಾರದ ಮುಗಸ್ತೀನಿ ಅಂದ್ರ ಅದೂ ನಡೀಬೇಕು.”

“ಗುಂಡು ಹಾರಸೋದಿಲ್ಲಂದ್ರ ಬಂದೂಕ ಯಾಕ್ರಿ ಚಾಚಾ?”

“ಕೈಯಾಗ ಬಂದೂಕ ಇದ್ದೂ ಹೊಡೀಲಿಲ್ಲ ಅನ್ನೂದರಾಗ ಮಜಾ ಐತ್ರಿ. ಇಲ್ಲದವಾ ಹೊಡೀಲಿಲ್ಲಂದ್ರ ಅದರಾಗೇನೈತಿ?”

ಈ ಮಾತು ನೀಲಗಂಗಾಳಿಗೆ ಬಹಳ ಹಿಡಿಸಿತು, ಏಕೆಂದರೆ ಆಕೆಯ ಸ್ವಂತ ರುಚಿಯೂ ಅದೇ. ಅಡಗಿ ಆಡುವ ಆಟದಲ್ಲಿ ಆಕೆಗೆ ಸರಿಸಾಟಿ ಆ ಸೀಮೆಯಲ್ಲೇ ಇರಲಿಲ್ಲ. ಆದರೆ ಅಂಥ ಆಟ ಹುಡುಕಿದಷ್ಟೂ ಸಿಗಲೊಲ್ಲದು. ಒಂದರಲ್ಲಿ ಕತೆ ಇದ್ದರೆ ಕಾವಲುಗಾರರು ಕುರುಡರು. ಇನ್ನೊಂದರಲ್ಲಿ ಕತ್ತಲೆ ಭರ್ಜರಿಯಾಗಿದೆ, ಮಾತು ಮಾತ್ರ ಪಂಚಾಯ್ತಿ ಪ್ರಕಟಣೆಯ ಹಾಗಿದೆ. ಮಗದೊಂದರಲ್ಲಿ ಎಲ್ಲವೂ ಇದೆ, ಉಸಿರಿಲ್ಲ. ದಾವಲಸಾಬ ಎರಡು ಸಲ ಬಂದು ಚಹಾ ಕುಡಿದು ಹೋದ.

ಕೊನೆಗೊಂದು ಮಧ್ಯಾಹ್ನ, ಯಾರೂ ಇಣುಕದ ಮೂಲೆಯಲ್ಲಿ, ‘ಬೂದಿ ಚಂದ್ರ’ ಎಂಬ ಆಟ ಆಕೆಯ ಕೈಗೆ ಸಿಕ್ಕಿತು. ಯಾವುದೋ ಹಿಮದ ಚಂದ್ರನ ಮೇಲೆ ಮುಚ್ಚಿಹೋದ ಒಂದು ಕಾರ್ಖಾನೆ. ಪಡೆಯಿಂದ ತಪ್ಪಿಸಿಕೊಂಡ ಒಬ್ಬಳು ಸಿಪಾಯಿ ಅದರೊಳಗೆ ಅಡಗಿದ್ದಾಳೆ. ಕಾವಲಿನವರು ದೀಪ ಹಿಡಿದು ಹುಡುಕುತ್ತಿದ್ದಾರೆ. ಗಾಳಿಯಲ್ಲಿ ಬಿಳಿ ಬೂದಿ ನಿಧಾನಕ್ಕೆ ತೇಲುತ್ತಿದೆ. ಕಿವಿಯಲ್ಲಿ ರೇಡಿಯೋದವನೊಬ್ಬ ಮೆಲ್ಲಗೆ ಮಾತಾಡುತ್ತಾನೆ, ಅವಳಿಗೆ ಇರುವುದು ಅವನೊಬ್ಬನೇ ಜತೆ.

ಆಕೆ ಊಟ ಮರೆತಳು. ಪರದೆಯ ಮೇಲೆ ತನ್ನ ಭಯದ ಗೆರೆ ಹೀಗೆ ಏರಿದ್ದನ್ನು ಆಕೆ ತನ್ನ ಕಸುಬಿನಲ್ಲಿ ಎಂದೂ ಕಂಡಿರಲಿಲ್ಲ. ಆ ಹಾಳು ಕಾರ್ಖಾನೆಯಲ್ಲಿ ಯಾವ ತಿರುವಿನ ಆಚೆ ಏನಿರಬಹುದೆಂದು ಕಾಲಿಗೇ ಗೊತ್ತಿದ್ದಂತೆ ನಡೆಯುತ್ತಿದ್ದಳು. ತನ್ನ ಪಳಗಿದ ಕೈಯೇ ಇದಕ್ಕೆ ಕಾರಣ ಎಂದುಕೊಂಡು ಸ್ವಲ್ಪ ಬೀಗಿದಳು ಕೂಡ.

ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಗಂಡ ವಿರೂಪಾಕ್ಷನ ಮುಂದೆ ಸುದ್ದಿ ಹೇಳಿಯೇ ಹೇಳಿದಳು. ವಿರೂಪಾಕ್ಷ ಗೋಕುಲ ರಸ್ತೆಯ ಆಚೆಗಿನ ಒಂದು ಆಟಶಾಲೆಯಲ್ಲಿ, ಆಟ ಕಟ್ಟುವ ಯಂತ್ರಗಳ ನಿಯಂತ್ರಣ ಕೋಣೆಯಲ್ಲಿ ಕೆಲಸಕ್ಕಿದ್ದ.

“ಸಿಕ್ಕತು ನೋಡ್ರಿ. ಲಕ್ಷದಾಗ ಒಂದು. ನಾನ ಹುಡಕಿದೆ.”

“ಹೌದಾ?” ಎಂದ ಅವನು, ತಾಟಿನಿಂದ ತಲೆ ಎತ್ತದೆ. “ಪೂರಾ ಆಡಿದೇನು?”

“ಇನ್ನೂ ಇಲ್ಲ. ಕೊನೀ ತನಕಾ ಆಡೇ ಚಾಚಾಗ ಕೊಡತೇನಿ.”

“ಆಡು. ಅರ್ಧಕ್ಕ ಬಿಡಬ್ಯಾಡ,” ಎಂದ ವಿರೂಪಾಕ್ಷ. ತನ್ನ ಶಾಲೆಯದಲ್ಲದ ಆಟವನ್ನು ಹೊಗಳಿದ್ದಕ್ಕೆ ಇವನಿಗೆ ಹೊಟ್ಟೆಕಿಚ್ಚು ಎಂದುಕೊಂಡು ನೀಲಗಂಗಾ ನಕ್ಕಳು, ಬಿಸಿ ರೊಟ್ಟಿಯ ಮೇಲೆ ಇನ್ನಷ್ಟು ಬೆಣ್ಣೆ ಹಾಕಿದಳು.

ಅಡಗಿ ಆಡುವವರಿಗೆ ಒಂದು ಅಭ್ಯಾಸ ಉಂಟು. ಕಾವಲುಗಾರರು ಗುಂಪುಗೂಡಿದ್ದು ಕಂಡರೆ ದಾಟಿ ಓಡುವುದಿಲ್ಲ. ಹತ್ತಿರದ ಮೂಟೆಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅವರ ಹರಟೆ ತಿರುಗಿ ಮೊದಲಿಗೆ ಬರುವ ತನಕ ಪೂರಾ ಕೇಳುತ್ತಾರೆ. ಕತೆಯ ಒಳಗುಟ್ಟೆಲ್ಲ ಆ ಹರಟೆಯಲ್ಲೇ ಇರುತ್ತದೆ. ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ನೀಲಗಂಗಾಳೂ ಹಾಗೆಯೇ ಕೂತು ಕೇಳಿದಳು. ಇಬ್ಬರು ಕಾವಲಿನವರು ಚಳಿಯನ್ನು ಬೈದರು, ಊಟವನ್ನು ಬೈದರು. ಆಮೇಲೆ ಅವರ ನಡುವೆ ಬಂದ ಮುದಿ ನಾಯಕ, ದೀಪ ಕೆಳಗಿಟ್ಟು, ಸಾವಕಾಶ ಹೇಳಿದ:

“ಕಾಲ ಮುರದ್ರೂ ಅಡ್ಡಿಯಿಲ್ಲ. ಮಾರಿ ಮಾತ್ರ ಕೆಡಿಸಬ್ಯಾಡ್ರಿ.”

ನೀಲಗಂಗಾಳ ಕೈ ನಿಂತಿತು.

ಆ ಮಾತು ಆಕೆಯ ಅಪ್ಪನದು. ಆಕೆಗೆ ಹತ್ತೊಂಬತ್ತು ತುಂಬುವ ಹೊತ್ತಿಗೆ ಅಕ್ಕ ಬಾಣಂತನದಲ್ಲಿ ತೀರಿಕೊಂಡಿದ್ದಳು. ಸಂಬಂಧ ಹೊರಗೆ ಹೋಗಬಾರದೆಂದು, ಮಾವನ ವಯಸ್ಸಿನ ಆ ಅಕ್ಕನ ಗಂಡನಿಗೇ ಇವಳನ್ನು ಕೊಡುವುದೆಂದು ಹಿರಿಯರು ತೀರ್ಮಾನಿಸಿದರು. ನಿಶ್ಚಯದ ಮುನ್ನಾದಿನ ಇವಳು ಮನೆ ಬಿಟ್ಟು, ಊರ ಹೊರಗೆ ಮುಚ್ಚಿಬಿದ್ದಿದ್ದ ಹತ್ತಿ ಗಿರಣಿಯೊಳಗೆ ಅಡಗಿದಳು. ಕಾಕಂದಿರು, ಅಕ್ಕನ ಗಂಡ, ಅಪ್ಪ ಬ್ಯಾಟರಿ ಹಿಡಿದು ಹುಡುಕಲು ಬಂದರು. ಹಳೆಯ ಹತ್ತಿ ಮೂಟೆಗಳ ಹಿಂದೆ, ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದ ಅವಳಿಗೆ ಅಪ್ಪನ ಈ ಮಾತು ಕೇಳಿಸಿತ್ತು. ಕಾಲು ಮುರಿದರೂ ಸರಿ, ಮದುವೆಗೆ ನಿಲ್ಲುವ ಹೆಣ್ಣಿನ ಮುಖ ಕೆಡಬಾರದು ಎಂಬುದಷ್ಟೇ ಅವನ ಚಿಂತೆ. ಬ್ಯಾಟರಿಯ ಬೆಳಕಿನಲ್ಲಿ ಬಿಳಿ ಹತ್ತಿಯ ಎಳೆಗಳು ತೇಲುತ್ತಿದ್ದವು.

ಅದೇ ಗಿರಣಿಯಲ್ಲಿ ಹಳೇ ತಂತಿ ಬಿಚ್ಚುವ ಕೆಲಸಕ್ಕೆ ಬಂದಿದ್ದ ಹುಡುಗ ವಿರೂಪಾಕ್ಷ. ಮನೆಯವರು ಅತ್ತ ಹೋದ ಮೇಲೆ ಅವನ ಬೆಳಕು ಅವಳ ಮೇಲೆ ಬಿತ್ತು. ಅವನು ಅವಳನ್ನು ಹಿಡಿದುಕೊಡಲಿಲ್ಲ, ಹೊರಗೆ ದಾಟಿಸಿದ. ಆ ಗಳಿಗೆಯಲ್ಲಿ ತನ್ನ ಎದೆ ಹಾರಿದ ಹಾಗೆ ಮುಂದೆ ಯಾವತ್ತೂ ಹಾರಲಿಲ್ಲ ಎಂದು ನೀಲಗಂಗಾ ಅವನಿಗೇ ಎಷ್ಟೋ ಸಲ ಹೇಳಿದ್ದಳು. ಮದುವೆಯಾದರು. ಕಾಲ ಸರಿದು ಅಪ್ಪನೂ ಸೋತು ಬಂದ, ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತು ಮೆರೆಸಿದ, ಆಕೆಯ ಕೈಯಲ್ಲೇ ನೀರು ಕುಡಿದು ಪ್ರಾಣ ಬಿಟ್ಟ. ಅವನ ಮರ್ಯಾದೆ ಕಾಯಬೇಕೆಂದು ಆ ಮಾತನ್ನು ಆಕೆ ಮಗಳಿಗೂ ಹೇಳಿರಲಿಲ್ಲ. ಹೇಳಿದ್ದು ಒಬ್ಬನಿಗೆ ಮಾತ್ರ.

ಅದೂ ಈಚೆಗೆ. ಒಂದು ಭಾನುವಾರ ಇಬ್ಬರೂ ಜಗುಲಿಯ ಮೇಲೆ ಶೇಂಗಾ ಸುಲಿಯುತ್ತ ಕೂತಾಗ ವಿರೂಪಾಕ್ಷ ತಾನಾಗಿಯೇ ಗಿರಣಿಯ ಮಾತು ತೆಗೆದಿದ್ದ. ಕತೆ ಹೇಳುವವರಿಗೆ ಎದುರಿಗೊಬ್ಬರು ಹೂಂಗುಡಬೇಕು, ಇಲ್ಲದಿದ್ದರೆ ಕತೆ ಹಾದಿ ತಪ್ಪುತ್ತದೆ ಎಂದು ಆ ಕಡೆಯ ಹಿರಿಯರು ಹೇಳುತ್ತಾರೆ. ಆವತ್ತು ಅವನು ಹೂಂಗುಟ್ಟಿದ ರೀತಿ! ‘ಹೂಂ’ ಎನ್ನುವನು, ಸ್ವಲ್ಪ ತಡೆಯುವನು, ಮೆತ್ತಗೆ ‘ಆಮ್ಯಾಲೆ?’ ಎನ್ನುವನು. ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ವಾಸನೆ ಎಂಥದು, ಅಪ್ಪನ ಜೋಡು ಚರ್ಮದ್ದೋ ರಬ್ಬರದ್ದೋ ಎಂದೆಲ್ಲ ಕೇಳಿದ್ದ. ಇಷ್ಟು ವರ್ಷದ ಮೇಲೂ ಹೆಂಡತಿಯ ಮಾತು ಹೀಗೆ ಕೇಳುವ ಗಂಡ ಯಾರಿಗುಂಟು ಎಂದು ಆಕೆ ಕರಗಿಹೋಗಿದ್ದಳು. ಹಣೆಯ ಮೇಲೆ ಪಟ್ಟಿ ಉಳಿದಿದ್ದು ಆಕೆಗೆ ನೆನಪಿರಲಿಲ್ಲ. ಅವನಿಗೆ ನೆನಪಿತ್ತು.

ಪರದೆಯ ಮೇಲೆ ಮುದಿ ನಾಯಕ ದೀಪ ಎತ್ತಿಕೊಂಡು ಹೊರಟ. ಸಿಪಾಯಿ ಹುಡುಗಿ ರೇಡಿಯೋಗೆ ಪಿಸುಮಾತಿನಲ್ಲಿ ವರದಿ ಒಪ್ಪಿಸಿದಳು.

“ಹೂಂ,” ಎಂದಿತು ರೇಡಿಯೋ. ಸ್ವಲ್ಪ ತಡೆದು, ಮೆತ್ತಗೆ, “ಆಮ್ಯಾಲೆ?”

ನೀಲಗಂಗಾ ಪಟ್ಟಿ ಕಿತ್ತಿಟ್ಟಳು. ಆಕೆಗೆ ಅಳು ಬರಲಿಲ್ಲ. ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು, ಅಂಗಡಿಯ ಬಾಗಿಲು ಎಳೆದು ಆಟೋ ಹಿಡಿದಳು.

ಆಟಶಾಲೆಯ ನಿಯಂತ್ರಣ ಕೋಣೆ ಥಣ್ಣಗಿತ್ತು. ಗೋಡೆಯ ತುಂಬ ಪರದೆಗಳು, ಒಂದೊಂದರಲ್ಲೂ ಒಂದೊಂದು ಆಟ ತನ್ನಷ್ಟಕ್ಕೆ ಬೆಳೆಯುತ್ತಿತ್ತು. ಆಕೆ ಒಳಗೆ ಕಾಲಿಟ್ಟಾಗ ವಿರೂಪಾಕ್ಷ ಎದ್ದು ನಿಂತ. ಅವನ ಮೇಲಿನ ಅಧಿಕಾರಿ ಪದ್ಮಜಾ ಹೇರೂರ ಎಂಬವಳು ಇಬ್ಬರ ಮುಖವನ್ನೂ ನೋಡಿ ಎಲ್ಲ ಅರ್ಥ ಮಾಡಿಕೊಂಡಳು, ಅರ್ಥವಾಗಿದ್ದಕ್ಕೆ ಅವಳ ಮುಖ ಕಪ್ಪಿಟ್ಟಿತು.

“ಇವರಿಗೆ ಗೊತ್ತಿರಲಿಲ್ಲೇನ್ರಿ?” ಎಂದು ವಿರೂಪಾಕ್ಷನನ್ನು ಕೇಳಿದಳು. “ಹೆಂಡತಿ ಒಪ್ಯಾರ ಅಂತ ಹೇಳಿದ್ರಲ್ಲ ನೀವು?”

ವಿರೂಪಾಕ್ಷ ಪರದೆಗಳ ಕಡೆ ತಿರುಗಿದ. ಹೇರೂರಳೇ ನೀಲಗಂಗಾಳನ್ನು ಕೂರಿಸಿ, ನೀರು ಕೊಟ್ಟು, ವಿಷಯ ತಿಳಿಸಿದಳು. ಯಂತ್ರ ಎಷ್ಟೇ ಆಟ ಕಟ್ಟಲಿ, ಜೀವಂತ ಮನುಷ್ಯರ ಒಂದು ನಿಜವಾದ ಭಯ ಒಳಗೆ ಬೀಳದಿದ್ದರೆ ಆಟಕ್ಕೆ ಜೀವ ಬರುವುದಿಲ್ಲ. ಅದಕ್ಕೆ ‘ಬೀಜ’ ಎನ್ನುತ್ತಾರೆ. ಹೇಳುವಾಗ ಹಣೆಪಟ್ಟಿ ಎಳೆದ ಗೆರೆಯೇ ಬೀಜ. ಆದರೆ ಕಂಡವರ ಕತೆ ಕದ್ದು ತಂದು ಬಿತ್ತುವವರು ಹೆಚ್ಚಾಗಿ ಸರಕಾರ ಒಂದು ಕಾಯಿದೆ ಮಾಡಿತು. ಬೀಜ ಯಾರದೋ ಅವರೇ ಆಟವನ್ನು ಮೊದಲಿಂದ ಕೊನೆಯ ತನಕ ಒಂದು ಸಲ ಆಡಬೇಕು. ಹೇಳುವಾಗಿನ ಗೆರೆಗೂ ಆಡುವಾಗಿನ ಗೆರೆಗೂ ತಾಳೆ ಬಿದ್ದರೆ ಮುದ್ರೆ, ಆಟ ಲೋಕಕ್ಕೆ ಬಿಡುಗಡೆ. ತಾಳೆ ಬೀಳದಿದ್ದರೆ ಬೀಜ ಸುಳ್ಳು ಎಂದು ಲೆಕ್ಕ, ಆಟವನ್ನೂ ಬೀಜವನ್ನೂ ಅಳಿಸಿಹಾಕಬೇಕು.

“ಅಂದ್ರ ನಾ ಅದನ್ನ ಹುಡಕಲಿಲ್ಲ,” ಎಂದಳು ನೀಲಗಂಗಾ. “ನನ್ನ ಹಾದ್ಯಾಗ ತಂದು ಇಟ್ಟಿರಿ.”

“ನೀವು ಅಂಗಡ್ಯಾಗ ಆಡತೀರಿ ಅಂತ ಇವರು ಹೇಳಿದ್ರು, ನಿಮಗಷ್ಟ ಕಾಣೂವಂಗ ಇಟ್ಟಿವಿ,” ಎಂದು ಹೇರೂರ ತಲೆ ತಗ್ಗಿಸಿದಳು. ನೀಲಗಂಗಾಳಿಗೆ ಈ ಗಾಯ ಬೇರೆಯದೇ ಜಾಗದಲ್ಲಿ ಚುಚ್ಚಿತು. ಗಂಡ ಆಕೆಯ ಕತೆ ಕದ್ದದ್ದು ಒಂದು. ಆಕೆಯ ಕಸುಬನ್ನು, ಪಟ್ಟಿ ಪೂರಾ ತೆರೆದಿಡುವ ಆಕೆಯ ಹಟವನ್ನು ಬಲೆಯ ಹಾಗೆ ಬಳಸಿಕೊಂಡದ್ದು ಇನ್ನೊಂದು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಲಾಗಿ ಯಾವ ಮೂಲೆಯಲ್ಲಿ ಪೈರು ಸಿಹಿ ಎಂದು ಹೊಲವನ್ನೇ ಕೇಳಿ ತಿಳಿದುಕೊಂಡಿತ್ತು.

“ನನಗ ಹೇಳಾಕ ಬಿಡು,” ಎಂದ ವಿರೂಪಾಕ್ಷ. “ನೀಲಾ, ನಾ ಹತ್ತಿಪ್ಪತ್ತ ವರ್ಷದಿಂದ ಇಲ್ಲೇ ಕುಂತು ಮಂದಿ ಕತಿಗೆ ನೀರು ಹಾಕೇನಿ. ನಂದು ಅಂತ ಒಂದೂ ಇಲ್ಲ. ನನ್ನ ಬಾಳ್ವಿದಾಗ ಚಂದ ಅನ್ನೂವಂಥಾದ್ದು ಒಂದ ನಡದೈತಿ, ಆ ಗಿರಣ್ಯಾಗ. ಅದು ನಿಂದಷ್ಟ ಅಲ್ಲ, ನಂದೂ ಕತಿ. ಕೊನೀ ಅಧ್ಯಾಯದಾಗ ನಾ ಬರತೇನಿ, ನೋಡು. ಅದನ್ನ ಆಡಿದವರು ಅತ್ತಬಿಡ್ತಾರ.”

“ನಮ್ಮಪ್ಪಗ ಏನಂತಾರ?”

“ಅದು ನಿಮ್ಮಪ್ಪ ಅಂತ ಯಾರಿಗೆ ಗೊತ್ತಾಗತೈತಿ?”

“ನಮ್ಮವರಿಗೆ ಗೊತ್ತಾಗತೈತಿ. ನನ್ನ ಮಗಳಿಗೆ ಗೊತ್ತಾಗತೈತಿ. ನನಗ ಗೊತ್ತಾಗಲಿಲ್ಲೇನು, ಒಂದ ಮಾತಿನಾಗ?”

“ನೀ ಬ್ಯಾಡಂತಿದ್ದಿ, ಅದಕ್ಕ ಕೇಳಲಿಲ್ಲ,” ಎಂದ ಅವನು. ಅದೇ ಒಂದು ಸಮರ್ಥನೆ ಎಂಬಂತೆ ಹೇಳಿದ. ತಾನೇನು ಆಡಿದೆ ಎಂಬುದು ಅವನಿಗೆ ಹೊಳೆಯಲೂ ಇಲ್ಲ.

ಆಡುವುದಿಲ್ಲ ಎಂದು ಎದ್ದುಹೋದರೆ ಏನಾಗುತ್ತದೆ ಎಂದು ನೀಲಗಂಗಾ ಹೇರೂರಳನ್ನು ಕೇಳಿದಳು. ಮುದ್ರೆ ಬೀಳುವುದಿಲ್ಲ, ಆದರೆ ಬೀಜ ಉಗ್ರಾಣದಲ್ಲಿ ಉಳಿಯುತ್ತದೆ ಎಂದಳು ಹೇರೂರ. ನಾಳೆ ತಾನು ಈ ಕುರ್ಚಿಯಲ್ಲಿ ಇರಲಿಕ್ಕಿಲ್ಲ, ಕಾಯಿದೆ ಸಡಿಲಾಗಬಹುದು, ಯಾರೋ ಅದನ್ನು ಹೊರತೆಗೆಯಬಹುದು. ಪೂರಾ ಅಳಿಯಬೇಕಾದರೆ ದಾರಿ ಒಂದೇ, ಪರೀಕ್ಷೆ ನಡೆದು ಸುಳ್ಳು ಎಂದು ತೀರ್ಮಾನವಾಗಬೇಕು.

“ಎಷ್ಟು ಆಡೋದು ಉಳದೈತಿ?”

“ಕೊನೀ ಅಧ್ಯಾಯ ಅಷ್ಟ. ಅಂಗಡ್ಯಾಗ ಆಡಿದಾಗಿನ ನಿಮ್ಮ ಗೆರಿ ಇಲ್ಲಿಗೆ ಬಂದೈತಿ, ಇಲ್ಲಿ ತನಕಾ ಪೂರಾ ತಾಳಿ ಬಿದ್ದೈತ್ರಿ,” ಎಂದಳು ಹೇರೂರ. “ಮುಖ್ಯ ಇರೋದು ಕೊನೀದು. ಹೇಳುವಾಗ ನಿಮ್ಮ ಗೆರಿ ಎಲ್ಲಾಕಿಂತ ಮ್ಯಾಲ ಹಾರಿದ್ದು ಅಲ್ಲೇ.”

“ಪಟ್ಟಿ ಕೊಡ್ರಿ.”

ವಿರೂಪಾಕ್ಷನ ಮುಖ ಅರಳಿತು. ಹೆಂಡತಿ ಕರಗಿದಳು ಎಂದೇ ಅವನು ತಿಳಿದ. ನೀಲಗಂಗಾಳ ಎಣಿಕೆ ಬೇರೆ ಇತ್ತು. ಗಿರಣಿಯಲ್ಲಿ ಆಕೆ ಉಸಿರು ಕಟ್ಟುವುದನ್ನು ಕಲಿತವಳು, ಎದೆಯ ಸದ್ದು ಕಿವಿಗೆ ಬೀಳದಂತೆ ಒಳಗೇ ಅದುಮುವುದನ್ನು ಕಲಿತವಳು. ಜೀವಮಾನವಿಡೀ ಆಡಿದ್ದೂ ಅದೇ ಆಟ. ಕಾವಲುಗಾರರಿಂದ ಅಡಗಿದವಳಿಗೆ ಒಂದು ಪಟ್ಟಿಯಿಂದ ಅಡಗುವುದು ದೊಡ್ಡದಲ್ಲ ಎಂದುಕೊಂಡಳು. ಅಪ್ಪನ ಮಾತು ಬೀದಿಗೆ ಬೀಳಬಾರದು, ಅಷ್ಟೇ ಆಕೆಗೆ ಬೇಕಾದದ್ದು.

ಕೊನೆಯ ಅಧ್ಯಾಯ ತೆರೆಯಿತು. ಸಿಪಾಯಿ ಹುಡುಗಿ ಮೂಟೆಗಳ ಹಿಂದೆ ಕೂತಿದ್ದಾಳೆ. ಕಾವಲಿನವರು ದೂರ ಸರಿದಿದ್ದಾರೆ. ಬೂದಿ ತೇಲುತ್ತಿದೆ. ಕೈಯಲ್ಲಿ ಬಂದೂಕು ಇದೆ, ಬೇಕಿದ್ದರೆ ಹಾರಿಸಬಹುದು. ಪಕ್ಕದ ದೊಡ್ಡ ಪರದೆಯಲ್ಲಿ ಎರಡು ಗೆರೆಗಳು: ಮೇಲಿನದು ಆ ಭಾನುವಾರ ಜಗುಲಿಯ ಮೇಲೆ ಎಳೆದದ್ದು, ಕೆಳಗಿನದು ಈಗಿನದು.

ಹೆಜ್ಜೆ ಸಪ್ಪಳವಾಯಿತು. ನೀಲಗಂಗಾ ಎದೆ ಅದುಮಲು ಸಿದ್ಧಳಾದಳು. ತಿರುವಿನಿಂದ ಒಂದು ದೀಪ ಬಂತು, ಬೂದಿಯನ್ನು ಸೀಳಿಕೊಂಡು ನೇರ ಅವಳ ಮುಖದ ಮೇಲೆ ನಿಂತಿತು. ಅದನ್ನು ಹಿಡಿದು ಬಂದ ಹುಡುಗ ದೀಪ ಆರಿಸಿದ. ಆಗಿನ ವಿರೂಪಾಕ್ಷನ ಎಳೆಯ ದನಿಯನ್ನು ಯಂತ್ರ ತದ್ವತ್ ಕಟ್ಟಿತ್ತು.

“ಹೆದರಬ್ಯಾಡ. ನಾ ಯಾರನ್ನೂ ನೋಡಿಲ್ಲ. ಯಾರು ಕೇಳಿದ್ರೂ ಹೇಳೂದಿಲ್ಲ.”

ಮೇಲಿನ ಗೆರೆ ಆ ಜಾಗದಲ್ಲಿ ಗೋಡೆ ಹತ್ತಿದ ಹಾಗೆ ಏರಿತ್ತು. ಕೆಳಗಿನದು ಸಂತೆಗೆ ಹೊರಟವಳ ನಾಡಿಯಂತೆ ಸಮನೆ ಹರಿಯಿತು. ಹುಡುಗ ಕೈ ಚಾಚಿದ, ಬಾಗಿಲು ತೆರೆಯಿತು, ಹೊರಗೆ ಬೆಳಕು ತುಂಬಿತು, ಸಂಗೀತ ಮೊಳಗಿತು. ಗೆರೆ ಅಲುಗಲಿಲ್ಲ.

ಯಂತ್ರ ಒಂದು ಸಣ್ಣ ಗಂಟೆ ಬಾರಿಸಿತು. ಪರದೆಯ ಮೇಲೆ ಬರಹ ಮೂಡಿತು: ಈ ಅನುಭವ ಆಡಿದವರದ್ದಲ್ಲ. ಬೀಜ ಸುಳ್ಳು.

“ಮೋಸ!” ಎಂದು ಕೂಗಿದ ವಿರೂಪಾಕ್ಷ. “ಮೇಡಂ, ಆಕಿ ಉಸಿರು ಹಿಡದಾಳ! ಆಕಿಗೆ ಅದು ಬರತೈತಿ, ನನಗ ಗೊತ್ತು. ಇನ್ನೊಮ್ಮೆ ಆಡಸ್ರಿ.”

ಪದ್ಮಜಾ ಹೇರೂರ ಉಸಿರಿನ ಗೆರೆಯನ್ನು ಬೇರೆಯಾಗಿ ತೆರೆದು ತೋರಿಸಿದಳು. ಒಳಗೆ, ಹೊರಗೆ, ಒಳಗೆ, ಹೊರಗೆ. ಎಲ್ಲಿಯೂ ತಡೆದಿರಲಿಲ್ಲ, ಎಲ್ಲಿಯೂ ಬಿಗಿದಿರಲಿಲ್ಲ. “ಹಿಡದಿಲ್ಲ ನೋಡ್ರಿ, ವಿರೂಪಾಕ್ಷ,” ಎಂದಳು ಮೆಲ್ಲಗೆ, ಅಳಿಸುವ ಆಜ್ಞೆ ಕೊಟ್ಟು ಕೋಣೆಯಿಂದ ಹೊರಗೆ ಹೋದಳು.

ಪರದೆಯಲ್ಲಿ ಬೂದಿ ಚಂದ್ರ ತುದಿಯಿಂದ ಕರಗತೊಡಗಿತು. ಮೂಟೆಗಳು ಹೋದವು, ಮುದಿ ನಾಯಕ ಹೋದ, ಅವನ ಮಾತು ಹೋಯಿತು. ಕೈ ಚಾಚಿದ ಹುಡುಗ ಕೊನೆಗೆ ಹೋದ. ನೀಲಗಂಗಾ ಬಯಸಿ ಬಂದದ್ದು ಕೈಗೂಡಿತ್ತು, ಅಪ್ಪನ ಮರ್ಯಾದೆ ಉಳಿದಿತ್ತು. ಆದರೂ ಆಕೆಯ ಕಣ್ಣು ಆ ಎರಡು ಗೆರೆಗಳ ಮೇಲೆಯೇ ಇತ್ತು. ಅದುಮಲೆಂದು ಸಿದ್ಧಳಾಗಿ ಕೂತವಳಿಗೆ, ಅದುಮಲು ಒಳಗೆ ಏನೂ ಸಿಕ್ಕಿರಲಿಲ್ಲ. ಇಷ್ಟು ವರ್ಷ ಒಲೆಯ ಮುಂದೆ, ಜ್ವರದಲ್ಲಿ, ಜಗಳದಲ್ಲಿ, ಯಾವ ಒಂದು ನೆನಪನ್ನು ಮುಟ್ಟಿ ನೋಡಿಕೊಂಡು ಸಮಾಧಾನ ಪಡುತ್ತಿದ್ದಳೋ ಅದು ಅಲ್ಲಿ ಇರಲಿಲ್ಲ. ಆಗ ಆಕೆಗೆ ದುಃಖ ಬಂತು, ಅಪ್ಪ ಸತ್ತಾಗ ಬಂದದ್ದಕ್ಕಿಂತ ದೊಡ್ಡದಾಗಿ ಬಂತು.

ವಿರೂಪಾಕ್ಷ ಆ ಸಪಾಟು ಗೆರೆಯನ್ನು ಮೊದಲಿಂದ ಕೊನೆಯ ತನಕ ಬೆರಳಿನಿಂದ ಸವರಿ ನೋಡಿದ. ಕೊನೆಗೆ ತಿರುಗಿದಾಗ ಅವನ ದನಿ ಕುಸಿದಿತ್ತು.

“ಅಷ್ಟೂ ಹೋತೇನು, ನೀಲಾ?”

ನೀಲಗಂಗಾ ಹಣೆಯಿಂದ ಪಟ್ಟಿ ಬಿಚ್ಚಿ ಅವನ ಮೇಜಿನ ಮೇಲೆ ಇಟ್ಟಳು.

“ನನಗೂ ಈಗ ಗೊತ್ತಾತು,” ಎಂದಳು.